ಹಾಡಲು ಬಾರದವರ ವರ: ಲೆಕ್ಕ ಬಲ್ಲ ಸಹೋದರಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು 18 ವರ್ಷಗಳಿಂದ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ನನಗೆ ಹಾಡಲು ಬರುವುದಿಲ್ಲ. ನಾಲ್ಕು ಜನರ ಮುಂದೆ ನಿಂತು ಪ್ರಾರ್ಥಿಸಬೇಕೆಂದರೂ ಗಂಟಲು ಕಟ್ಟುತ್ತದೆ. ಇತ್ತೀಚೆಗೆ ನಮ್ಮ ಕ್ರೈಸ್ತ ಸಭೆಯ ಧ್ಯಾನಕೂಟದಲ್ಲಿ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ದೇವರು ತಮಗೆ ಕೊಟ್ಟಿರುವ ವರ ಯಾವುದು, ಅದನ್ನು ಹೇಗೆ ಬಳಸುತ್ತೇವೆ ಎಂದು ಬರೆಯಲು ಹೇಳಿದರು. ನಾನು ಖಾಲಿ ಹಾಳೆಯನ್ನೇ ಮನೆಗೆ ತಂದೆ. ಕೂಡಿಸಿ ಕಳೆಯುವುದೂ ಒಂದು ಆತ್ಮಿಕ ವರವೇ, ಅಥವಾ ಅದು ಬರೀ ಹೊಟ್ಟೆಪಾಡಿನ ವಿದ್ಯೆಯೇ? ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯವರಿದ್ದಾರೆ. ಉಳಿಯುವ ಅಲ್ಪ ಸಮಯವನ್ನು ಸಭೆಗೆ ಕೊಟ್ಟರೆ ಅವರಿಗೆ ಅನ್ಯಾಯವಾಗುವುದಿಲ್ಲವೇ? ಆ ಹಾಳೆಯಲ್ಲಿ ನಾನು ಏನು ಬರೆಯಲಿ?

ಉತ್ತರ: ಸಹೋದರಿಯವರೇ, "ಕೂಡಿಸಿ ಕಳೆಯುವುದು" ಎಂಬ ಮಾತನ್ನು ನೀವು ಸಂಕೋಚದಿಂದ, ಕ್ಷಮೆ ಕೇಳುವವರಂತೆ ಬರೆದಿದ್ದೀರಿ. ಅದಕ್ಕಾಗಿಯೇ ವರಗಳ ಕುರಿತು ಎಲ್ಲರೂ ಎತ್ತಿ ಓದುವ ವಾಕ್ಯಗಳನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಪ್ರಸಂಗಗಳಲ್ಲಿ ಬಹಳ ಅಪರೂಪವಾಗಿ ಕೇಳಿಬರುವ ಒಂದು ಭಾಗದಿಂದ ಆರಂಭಿಸುತ್ತೇನೆ. ಬೈಬಲಿನ ವಿಮೋಚನಕಾಂಡದ 38ನೆಯ ಅಧ್ಯಾಯದ ಕೊನೆಯಲ್ಲಿ, ಇಸ್ರಾಯೇಲ್ಯರು ಅರಣ್ಯದಲ್ಲಿ ಆರಾಧನೆಗೆಂದು ಕಟ್ಟಿದ ದೇವದರ್ಶನದ ಗುಡಾರಕ್ಕೆ ಬಳಸಿದ ಲೋಹಗಳ ಲೆಕ್ಕವಿದೆ. ಮೋಶೆಯ ಅಪ್ಪಣೆಯ ಮೇರೆಗೆ, ಮಹಾಯಾಜಕ ಆರೋನನ ಮಗನಾದ ಈತಾಮಾರನ ಮೇಲ್ವಿಚಾರಣೆಯಲ್ಲಿ, ಗುಡಾರದ ಸೇವೆಗೆ ನೇಮಕವಾದ ಕುಲದ ಲೇವಿಯರು ಅದನ್ನು ಸಿದ್ಧಪಡಿಸಿದರು. ತಲಾಂತು, ಶೆಕೆಲ್ ಎಂಬ ಆ ಕಾಲದ ತೂಕಗಳಲ್ಲಿ, ಬಂಗಾರ 29 ತಲಾಂತು 730 ಶೆಕೆಲ್, ಬೆಳ್ಳಿ 100 ತಲಾಂತು 1,775 ಶೆಕೆಲ್, ತಾಮ್ರ 70 ತಲಾಂತು 2,400 ಶೆಕೆಲ್ ಎಂದು ಅಲ್ಲಿ ಬರೆದಿದೆ. ಇವುಗಳಲ್ಲಿ ಬೆಳ್ಳಿಯ ಬಾಬ್ತನ್ನು ನೀವೇ ಕಾಗದ ಹಿಡಿದು ಪರೀಕ್ಷಿಸಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಅದು ಬಂದದ್ದು ಎಣಿಕೆಗೆ ಸೇರಿದ 6,03,550 ಗಂಡಸರಿಂದ, ತಲೆಗೆ ಅರ್ಧ ಶೆಕೆಲ್‌ನಂತೆ. ಒಟ್ಟು 3,01,775 ಶೆಕೆಲ್ ಆಯಿತು. ತಲಾಂತಿಗೆ 3,000 ಶೆಕೆಲ್‌ನಂತೆ ಭಾಗಿಸಿದರೆ ಸರಿಯಾಗಿ 100 ತಲಾಂತು, ಶೇಷ 1,775. ಖರ್ಚಿನ ಕಡೆಯೂ ಹಾಗೆಯೇ ಹೊಂದುತ್ತದೆ: ನೂರು ತಲಾಂತಿನಿಂದ ನೂರು ಗದ್ದಿಗೇಕಲ್ಲುಗಳನ್ನು (ಗುಡಾರದ ಚೌಕಟ್ಟಿಗೆ ಬುಡದಲ್ಲಿಡುವ ಆಧಾರಗಳನ್ನು), ಒಂದಕ್ಕೆ ಒಂದು ತಲಾಂತಿನಂತೆ, ಎರಕ ಹೊಯ್ದರು, ಉಳಿದ 1,775 ಶೆಕೆಲ್‌ನಿಂದ ಕಂಬಗಳ ಕೊಂಡಿಗಳನ್ನೂ ಕಟ್ಟುಗಳನ್ನೂ ಮಾಡಿದರು, ಕಂಬಗಳ ತಲೆಗಳನ್ನು ಹೊದಿಸಿದರು. ಒಂದು ಶೆಕೆಲ್ಲೂ ಲೆಕ್ಕ ತಪ್ಪಿಲ್ಲ.

ಮೇಘಸ್ತಂಭದ, ಮಹಿಮೆಯ, ಯಜ್ಞವೇದಿಯ ಆ ವೃತ್ತಾಂತದ ನಡುವೆ ಇಂಥ ಜಮಾಖರ್ಚಿನ ಪಟ್ಟಿಗೇನು ಕೆಲಸ ಎಂದು ಹಲವರು ಪುಟ ಮಗುಚಿಬಿಡುತ್ತಾರೆ. ಜನರು ದೇವರಿಗೆಂದು ಮನಃಪೂರ್ವಕವಾಗಿ ತಂದುಕೊಟ್ಟದ್ದು ಎಲ್ಲಿಗೆ ಹೋಯಿತೆಂದು ತಿಳಿಸುವುದು ಆ ಕಾಣಿಕೆಯನ್ನು ಗೌರವಿಸುವ ಒಂದು ರೀತಿ ಎಂದೇ ನಾನು ಅದನ್ನು ಓದುತ್ತೇನೆ. ಅರ್ಧ ಶೆಕೆಲ್ ಕೊಟ್ಟ ಬಡವನ ಪಾಲೂ ಯಾವುದೋ ಗದ್ದಿಗೇಕಲ್ಲಿನಲ್ಲಿ ಸೇರಿದೆ ಎಂಬುದಕ್ಕೆ ಆ ಪಟ್ಟಿಯೇ ಸಾಕ್ಷಿ.

ಅದೇ ಗ್ರಂಥದ 31ನೆಯ ಅಧ್ಯಾಯದಲ್ಲಿ, ಗುಡಾರದ ಕೆಲಸದ ಮುಖ್ಯ ಕುಶಲಕರ್ಮಿ ಬೆಚಲೇಲನನ್ನು ಹೆಸರು ಹಿಡಿದು ಕರೆದ ದೇವರು, ಅವನನ್ನು ತನ್ನ ಆತ್ಮದಿಂದ ತುಂಬಿಸಿದ್ದೇನೆ ಎಂದು ಹೇಳುತ್ತಾನೆ. ಆ ತುಂಬುವಿಕೆಯಿಂದ ಬಂದ ಫಲಗಳಾಗಿ ಅಲ್ಲಿ ಹೇಳಿರುವುದು ಜ್ಞಾನ, ವಿವೇಕ, ಚಿನ್ನ ಬೆಳ್ಳಿ ತಾಮ್ರಗಳಲ್ಲಿ ಕೆಲಸ ಮಾಡುವ ಕೌಶಲ, ರತ್ನ ಕೆತ್ತುವುದು, ಮರಗೆಲಸ. ಅದಕ್ಕೂ ಮುಂಚೆ, 28ನೆಯ ಅಧ್ಯಾಯದಲ್ಲಿ, ಆರೋನನ ವಸ್ತ್ರಗಳನ್ನು ಸಿದ್ಧಮಾಡುವವರ ಬಗ್ಗೆಯೂ ಅವರಲ್ಲಿ ಜ್ಞಾನದ ಆತ್ಮವನ್ನು ತುಂಬಿಸಿರುವುದಾಗಿ ಹೇಳಿದೆ. ಆಡಿನ ಕೂದಲನ್ನು ನೂತ ಹೆಂಗಸರೂ 35ನೆಯ ಅಧ್ಯಾಯದಲ್ಲಿ ಬರುತ್ತಾರೆ. ಈ ಜನರು ಆ ಕಸುಬುಗಳನ್ನು ಎಲ್ಲಿ ಕಲಿತಿದ್ದರು? ಬಹುಶಃ ಐಗುಪ್ತದಲ್ಲಿ, ದಾಸತ್ವದ ವರ್ಷಗಳಲ್ಲಿ, ಬೇರೆಯವರ ಲಾಭಕ್ಕಾಗಿ ಬೆವರು ಸುರಿಸುತ್ತಲೇ ಕಲಿತಿರಬೇಕು. ಹೊಟ್ಟೆಪಾಡಿಗಾಗಿ ಕಲಿತ ವಿದ್ಯೆ ದೇವರ ಕೆಲಸಕ್ಕೆ ಒದಗಲಾರದು ಎಂಬ ನಿಮ್ಮ ಅಳುಕಿಗೆ ಆ ಅಧ್ಯಾಯಗಳಲ್ಲಿ ಆಧಾರ ಸಿಗುವುದಿಲ್ಲ.

ಹಾಗೆಂದು ಕೌಶಲವೆಲ್ಲವೂ ತಾನಾಗಿಯೇ ಆತ್ಮಿಕ ವರವಾಗುತ್ತದೆ ಎಂದೂ ನಾನು ಹೇಳಲಾರೆ. ಯೇಸುವಿನ ಶಿಷ್ಯರ ಗುಂಪಿನಲ್ಲಿ ಹಣದ ಚೀಲ ಇದ್ದದ್ದು ಇಸ್ಕರಿಯೋತ ಯೂದನ ಕೈಯಲ್ಲಿ. ಅವನು ಅದರಿಂದ ಕದಿಯುತ್ತಿದ್ದನೆಂದು ಯೋಹಾನನ ಸುವಾರ್ತೆಯ 12ನೆಯ ಅಧ್ಯಾಯ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಲೆಕ್ಕ ಬಲ್ಲವನಿಗೆ ಲೆಕ್ಕವನ್ನು ಮರೆಮಾಚುವ ದಾರಿಯೂ ಗೊತ್ತಿರುತ್ತದೆ. ಆದ್ದರಿಂದ ಅಪೊಸ್ತಲನಾದ (ಕ್ರಿಸ್ತನ ಸಂದೇಶ ಸಾರಲು ಕಳುಹಿಸಲ್ಪಟ್ಟವನಾದ) ಪೌಲನು ಕೊರಿಂಥ ಪಟ್ಟಣದ ಸಭೆಯವರಿಗೆ ಬರೆದ ಮೊದಲನೆಯ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ ಕೊಟ್ಟ ಅಳತೆಗೋಲು ನಮಗೆ ಬೇಕು: ಆತ್ಮನು ಪ್ರತಿಯೊಬ್ಬರಿಗೂ ಕೊಡುವುದು ಎಲ್ಲರ ಪ್ರಯೋಜನಕ್ಕಾಗಿ. ಸಾಮರ್ಥ್ಯ ಹುಟ್ಟಿನಿಂದ ಬಂದಿರಲಿ, ಕಾಲೇಜಿನಲ್ಲಿ ಕಲಿತದ್ದಿರಲಿ, ಪ್ರಾರ್ಥನೆಯ ನಡುವೆ ಹೊಸದಾಗಿ ದೊರೆತದ್ದಿರಲಿ, ಅದು ಯಾರಿಗೆ ಉಪಕಾರವಾಗುತ್ತಿದೆ ಎಂಬ ಪ್ರಶ್ನೆಯನ್ನು ಎದುರಿಸಲೇಬೇಕು. ವರಗಳ ಆ ಅಧ್ಯಾಯಕ್ಕೂ ಅವುಗಳ ಬಳಕೆಯನ್ನು ವಿವರಿಸುವ 14ನೆಯ ಅಧ್ಯಾಯಕ್ಕೂ ನಡುವೆ ಪ್ರೀತಿಯ ಅಧ್ಯಾಯವನ್ನು ಪೌಲನು ಇಟ್ಟಿರುವುದು ಆಕಸ್ಮಿಕವಲ್ಲ.

ನಿಮ್ಮ ಹಾಳೆ ಖಾಲಿ ಉಳಿದದ್ದಕ್ಕೆ ಕಾರಣವೂ ಇಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ. ನನ್ನ ವರ ಯಾವುದು ಎಂದು ಕೇಳಿದೊಡನೆ ಮನುಷ್ಯನು ತನ್ನೊಳಗೆ ಇಣುಕಿ ಹುಡುಕತೊಡಗುತ್ತಾನೆ. ಅಲ್ಲಿ ಸಿಗುವುದು ಒಂದೋ ಹೆಮ್ಮೆ, ಇಲ್ಲವೇ ಕೊರಗು. ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿ ಹುಡುಕಾಟ ಹೊರಗಿನಿಂದ ಆರಂಭವಾಗುತ್ತದೆ. ಆದಿಸಭೆಯ ದಿನದಿನದ ಊಟದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು ಬಂತು. ಹಸಿದವರು ಯಾರೆಂದು ತಿಳಿದ ಮೇಲೆಯೇ ಏಳು ಮಂದಿಯನ್ನು ಆರಿಸಿದರು. ಅವರು ಪವಿತ್ರಾತ್ಮಭರಿತರೂ ಜ್ಞಾನಸಂಪನ್ನರೂ ಆಗಿರಬೇಕೆಂದು ಹೇಳಿದರು. ಊಟ ಹಂಚುವ ಕೆಲಸಕ್ಕೆ ಕೇಳಿದ ಅರ್ಹತೆ ಅದು. ಇನ್ನೊಂದು ಸೂಕ್ಷ್ಮವನ್ನೂ ಗಮನಿಸಿ: ಆ ಭಾಗದ ಮೂಲ ಗ್ರೀಕ್‌ನಲ್ಲಿ ದಿನದ ಹಂಚಿಕೆಗೂ ಅಪೊಸ್ತಲರು ಮಾಡುವ ವಾಕ್ಯೋಪದೇಶಕ್ಕೂ ಬಳಸಿರುವುದು ದಿಯಕೊನಿಯ ಎಂಬ ಒಂದೇ ಪದ. ಎರಡೂ ಸೇವೆ. ವೇದಿಕೆಯ ಮೇಲಿನದು ಸೇವೆ, ಅಡುಗೆಮನೆಯದು ಸಹಾಯ ಎಂಬ ಮೇಲುಕೀಳನ್ನು ನಾವು ನಂತರ ಸೇರಿಸಿಕೊಂಡೆವು.

ಕೊರಿಂಥದವರಿಗೆ ಕೊಟ್ಟ ವರಗಳ ಪಟ್ಟಿಯಲ್ಲಿ, 12ನೆಯ ಅಧ್ಯಾಯದ 28ನೆಯ ವಚನದಲ್ಲಿ, ಅದ್ಭುತಕಾರ್ಯ ಮತ್ತು ರೋಗ ವಾಸಿಮಾಡುವ ವರಗಳ ಬೆನ್ನಿಗೇ ಪರೋಪಕಾರ ಮಾಡುವುದೂ ಕಾರ್ಯ ನಿರ್ವಹಿಸುವುದೂ ಬರುತ್ತವೆ. ಎರಡನೆಯದಕ್ಕೆ ಗ್ರೀಕ್‌ನಲ್ಲಿ ಇರುವ ಪದ ಕುಬೆರ್ನೇಸಿಸ್. ಹಡಗಿನ ಚುಕ್ಕಾಣಿ ಹಿಡಿದು ನಡೆಸುವುದು ಅದರ ಮೂಲ ಅರ್ಥ. ಕೈಯಲ್ಲಿ ಹಣ ಎಷ್ಟಿದೆ, ಯಾವುದಕ್ಕೆ ಸಾಲುತ್ತದೆ, ಯಾವ ಕೆಲಸವನ್ನು ಈಗ ಕೈಗೆತ್ತಿಕೊಂಡರೆ ಸಭೆ ಸಾಲಕ್ಕೆ ಬೀಳುತ್ತದೆ ಎಂದು ಸಕಾಲದಲ್ಲಿ ಹೇಳಬಲ್ಲವರು ಆ ಚುಕ್ಕಾಣಿಯ ಹತ್ತಿರ ನಿಂತವರೇ.

ಆದರೂ ನಿಮಗಾಗಿಯೇ ಬರೆದಂತಿರುವ ಭಾಗ ಎರಡನೆಯ ಕೊರಿಂಥ ಪತ್ರಿಕೆಯ 8ನೆಯ ಅಧ್ಯಾಯ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಮಕೆದೋನ್ಯ ಮತ್ತು ಅಖಾಯದ ಸಭೆಗಳಿಂದ ಪೌಲನು ಧನಸಂಗ್ರಹ ನಡೆಸುತ್ತಿದ್ದ. ಅಪೊಸ್ತಲನೆಂಬ ಅಧಿಕಾರ ಅವನಿಗಿತ್ತು. ನನ್ನನ್ನು ನಂಬಿರಿ ಎಂದರೆ ಸಾಕಾಗಿತ್ತು. ಹಾಗೆ ಮಾಡದೆ ಅವನು ತನ್ನ ಜೊತೆಗೆಲಸದವನಾದ ತೀತನ ಜೊತೆಗೆ ಇನ್ನಿಬ್ಬರು ಸಹೋದರರನ್ನು ಕಳುಹಿಸಿದ. ಅವರಲ್ಲಿ ಒಬ್ಬನು ಈ ಕಾಣಿಕೆಯ ಪ್ರಯಾಣಕ್ಕೆಂದೇ ಸಭೆಗಳು ಆರಿಸಿಕೊಟ್ಟವನು. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸಬಾರದು, ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ನಮ್ಮ ನಡತೆ ಗೌರವವುಳ್ಳದ್ದಾಗಿರಬೇಕು ಎಂಬುದು ಅವನು ಕೊಟ್ಟ ಕಾರಣ. ಆ ಇಬ್ಬರ ಹೆಸರುಗಳು ಪತ್ರಿಕೆಯಲ್ಲಿ ಇಲ್ಲ. ಹೆಸರಿಲ್ಲದ ಇಬ್ಬರು ಪಕ್ಕದಲ್ಲಿ ನಡೆದದ್ದರಿಂದ ಒಂದು ಕಾಣಿಕೆಯೂ ಒಬ್ಬ ಅಪೊಸ್ತಲನ ಹೆಸರೂ ಕಳಂಕದ ಭಯವಿಲ್ಲದೆ ಸಾಗಿದವು.

ಈ ಎಚ್ಚರ ಎಷ್ಟು ಬೇಕಾದದ್ದೆಂದು ನಾನು ಹತ್ತಿರದಿಂದ ಕಂಡಿದ್ದೇನೆ. ನನಗೆ ಪರಿಚಯವಿದ್ದ ಒಂದು ಸಭೆಯಲ್ಲಿ ಪ್ರಾಮಾಣಿಕರಾದ ಒಬ್ಬ ಹಿರಿಯರು ಬಹಳ ವರ್ಷ ಒಬ್ಬರೇ ಕಾಣಿಕೆ ಎಣಿಸಿ, ಒಬ್ಬರೇ ಬರೆದು, ಒಬ್ಬರೇ ಬ್ಯಾಂಕಿಗೆ ಕಟ್ಟುತ್ತಿದ್ದರು. ಯಾವುದೋ ಮನಸ್ತಾಪದ ಸಮಯದಲ್ಲಿ ಅವರ ಮೇಲೆ ಅನುಮಾನದ ಮಾತು ಎದ್ದಿತು. ಹಣ ಎಲ್ಲಿಯೂ ಹೋಗಿರಲಿಲ್ಲ, ಆದರೆ ಅದನ್ನು ತೋರಿಸಿಕೊಡಲು ಎರಡನೆಯ ಸಹಿಯಾಗಲಿ, ಸರಿಯಾದ ರಸೀದಿಯಾಗಲಿ ಇರಲಿಲ್ಲ. ಅವರು ಆರಾಧನೆಗೆ ಬರುವುದನ್ನೇ ನಿಲ್ಲಿಸಿದರು. ನಿಮ್ಮಂಥ ಒಬ್ಬರು ಆಗ ಅವರ ಪಕ್ಕದಲ್ಲಿ ಕುಳಿತಿದ್ದರೆ ಎಂದು ಇಂದಿಗೂ ನೋವಿನಿಂದ ನೆನೆಯುತ್ತೇನೆ.

ಆದ್ದರಿಂದ ನಿಮ್ಮ ಸಭೆಯ ಲೆಕ್ಕಕ್ಕೆ ಕೈ ಹಾಕುವುದಾದರೆ ಕಚೇರಿಯಲ್ಲಿ ನೀವು ಪಾಲಿಸುವ ಕಟ್ಟುನಿಟ್ಟನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಬೇಡಿ. ಕಾಣಿಕೆಯನ್ನು ಒಂದೇ ಕುಟುಂಬಕ್ಕೆ ಸೇರದ ಇಬ್ಬರು ಕೂಡಿ ಎಣಿಸಲಿ, ಇಬ್ಬರೂ ಆ ಕ್ಷಣದಲ್ಲೇ ಸಹಿ ಹಾಕಲಿ. ಎಣಿಸುವವರು ಒಬ್ಬರಾದರೆ ಪುಸ್ತಕ ಬರೆಯುವವರು ಇನ್ನೊಬ್ಬರಾಗಿರಲಿ. ಬಂದ ಹಣದಿಂದಲೇ ನೇರವಾಗಿ ಖರ್ಚು ಮಾಡದೆ, ಪೂರ್ತಿ ಮೊತ್ತವನ್ನು ಮೊದಲು ಬ್ಯಾಂಕಿಗೆ ಕಟ್ಟಿ ನಂತರ ಖರ್ಚಿಗೆ ತೆಗೆಯುವ ಪದ್ಧತಿ ಇರಲಿ. ಬಡವರ ನಿಧಿಗೆಂದು ಕೊಟ್ಟದ್ದು ಕಟ್ಟಡದ ಖಾತೆಗೆ ಜಾರದಂತೆ ಬೇರೆಯಾಗಿಯೇ ಕಾಣಲಿ. ತಿಂಗಳಿಗೊಮ್ಮೆ ಒಂದು ಪುಟದ ಸರಳ ವರದಿಯನ್ನು, ಅಂಕಿಗಳಿಗೆ ಹೆದರುವವರಿಗೂ ಅರ್ಥವಾಗುವ ಮಾತುಗಳಲ್ಲಿ, ಸಭೆಯ ಮುಂದೆ ಇಡಿ. ಓದಿ ಹೇಳಲು ಗಂಟಲು ಕಟ್ಟುವುದಾದರೆ ಬರೆದು ಗೋಡೆಗೆ ಅಂಟಿಸಿದರೂ ಸಾಕು. ಇದನ್ನೆಲ್ಲ ಕೇಳಿದರೆ ತಮ್ಮ ಮೇಲೆ ಅಪನಂಬಿಕೆ ಎಂದು ಯಾರಾದರೂ ನೊಂದುಕೊಂಡಾರು. ಎಜ್ರನ ಗ್ರಂಥದ 8ನೆಯ ಅಧ್ಯಾಯವನ್ನು ಅವರಿಗೆ ಓದಲು ಕೊಡಿ. ಯೆಹೂದ್ಯರ ಗುಂಪಿನೊಂದಿಗೆ ಬಾಬೆಲಿನಿಂದ ಯೆರೂಸಲೇಮಿಗೆ ಹೊರಡುವಾಗ ಎಜ್ರನು ಯಾಜಕರ ಕೈಗೆ 650 ತಲಾಂತು ಬೆಳ್ಳಿಯನ್ನೂ 100 ತಲಾಂತು ಬಂಗಾರವನ್ನೂ ತೂಕ ಮಾಡಿ ಒಪ್ಪಿಸಿದ, ನೀವು ಕರ್ತನಿಗೆ ಪರಿಶುದ್ಧರು ಎಂದು ಅವರಿಗೆ ಹೇಳಿದ. ಹಾಗೆ ಹೇಳಿದ ಮೇಲೂ ಯೆರೂಸಲೇಮಿನಲ್ಲಿ ಎಲ್ಲವನ್ನೂ ಮತ್ತೆ ತೂಗಿ, ಎಣಿಸಿ, ತೂಕವನ್ನು ಬರೆದಿಟ್ಟರು.

ಪ್ರಯಾಣ ಹೊರಟ ಯಜಮಾನನು ಮೂವರು ಆಳುಗಳಿಗೆ ಹಣ ಒಪ್ಪಿಸಿದಾಗ ಇಬ್ಬರು ಅದನ್ನು ಬೆಳೆಸಿ, ಮೂರನೆಯವನು ಹೂಳಿಟ್ಟ ಕಥೆಯನ್ನು ಯೇಸು ಹೇಳಿದನಲ್ಲ, ಆ ತಲಾಂತುಗಳ ಸಾಮ್ಯದ (ದೃಷ್ಟಾಂತದ) ಬಗ್ಗೆ ನೀವು ಕೇಳಿಲ್ಲವಾದರೂ ಧ್ಯಾನಕೂಟದಲ್ಲಿ ಅದನ್ನು ಖಂಡಿತ ಓದಿರುತ್ತಾರೆ, ಮತ್ತು ನೀವು ನಿಮ್ಮನ್ನು ಮೂರನೆಯ ಆಳಿನ ಜಾಗದಲ್ಲಿ ನಿಲ್ಲಿಸಿಕೊಂಡಿರುತ್ತೀರಿ ಎಂದು ಊಹಿಸುತ್ತೇನೆ. ತಲಾಂತು ಎಂದರೆ ಪ್ರತಿಭೆ ಎಂದು ನಮ್ಮ ಸಭೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಮತ್ತಾಯನ 25ನೆಯ ಅಧ್ಯಾಯದಲ್ಲಿ ಅದು ಹಣದ ತೂಕ. ಒಂದು ತಲಾಂತಿಗೆ ಸುಮಾರು 6,000 ದಿನಾರಿ, ಒಂದು ದಿನಾರಿ ಕೂಲಿಯಾಳಿನ ಒಂದು ದಿನದ ಸಂಬಳ. ಒಂದೇ ತಲಾಂತು ಪಡೆದವನ ಕೈಯಲ್ಲಿಯೂ ಹೆಚ್ಚುಕಡಿಮೆ 20 ವರ್ಷಗಳ ದುಡಿಮೆಯಷ್ಟು ಹಣವಿತ್ತು. ಯಜಮಾನನು ಅವನನ್ನು ಅಲ್ಪನೆಂದು ಎಣಿಸಿರಲಿಲ್ಲ. ಅದನ್ನು ಹೂಳಿಟ್ಟದ್ದಕ್ಕೆ ಆ ಆಳು ತಾನೇ ಕೊಟ್ಟ ಕಾರಣ ಭಯ: ಯಜಮಾನ ಕಠಿಣನೆಂದು ತಿಳಿದಿದ್ದೆ, ಹೆದರಿದೆ ಎಂದ. ಅವನಿಗೆ ಸಾಮರ್ಥ್ಯವಿರಲಿಲ್ಲ ಎನ್ನಲಾಗದು, ಏಕೆಂದರೆ ಪ್ರತಿಯೊಬ್ಬನ ಸಾಮರ್ಥ್ಯಕ್ಕೆ ತಕ್ಕಂತೆಯೇ ಹಣ ಹಂಚಲಾಗಿತ್ತೆಂದು ಸಾಮ್ಯ ಮೊದಲೇ ಹೇಳಿದೆ. ನಿಮ್ಮ ಗಂಟಲು ಕಟ್ಟುವ ಸಂಕೋಚ ಆ ಭಯವಲ್ಲ. ಜನರ ಮುಂದೆ ಮಾತು ಬಾರದವರನ್ನು ದೇವರು ಅದಕ್ಕಾಗಿ ಬೈಯುವುದಿಲ್ಲ. ಆದರೆ ಮಾತು ಬಾರದ್ದರಿಂದ ನನ್ನಲ್ಲಿ ಕೊಡಲು ಏನೂ ಇಲ್ಲ ಎಂದು ನಂಬಿ, ಬರುವ ಕೆಲಸವನ್ನೂ ಬಚ್ಚಿಡುವುದರ ಬಗ್ಗೆ ಎಚ್ಚರ ಬೇಕು. ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ಪೌಲನು ಹೇಳಿದಂತೆ ಬರೆದುಕೊಂಡವನು ತೆರ್ತ್ಯ. 16ನೆಯ ಅಧ್ಯಾಯದಲ್ಲಿ ಒಂದೇ ವಾಕ್ಯದಲ್ಲಿ ತನ್ನ ವಂದನೆಯನ್ನು ಸೇರಿಸುತ್ತಾನೆ, ಅಷ್ಟೇ. ಅವನು ಪ್ರಸಂಗಿಯಾಗಿದ್ದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅವನ ಬರವಣಿಗೆಯಿಂದ ಹೊರಟ ಪತ್ರಿಕೆಯನ್ನು ಸಭೆ ಇಂದಿಗೂ ಓದುತ್ತಿದೆ.

ಇನ್ನು ಅತ್ತೆಯವರ ವಿಷಯ. ಇದನ್ನು ನೀವು ಎರಡನೆಯ ಪ್ರಶ್ನೆಯಾಗಿ ಕೇಳಿದ್ದೀರಿ, ನನಗೆ ಅದೇ ಮೊದಲನೆಯದಾಗಿ ಕಾಣುತ್ತದೆ. ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಯೇಸು ಒಂದು ಪದ್ಧತಿಯನ್ನು ಬಹಳ ಖಾರವಾಗಿ ಖಂಡಿಸುತ್ತಾನೆ: ತಂದೆತಾಯಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲಾದದ್ದು, ಎಂದು ಹೇಳಿ ಕೈತೊಳೆದುಕೊಳ್ಳುವ ಪದ್ಧತಿ ಅದು. ದೇವರ ಹೆಸರು ಹೇಳಿ ಮನೆಯ ವೃದ್ಧರಿಂದ ಕಿತ್ತುಕೊಂಡ ಕಾಣಿಕೆ ಆತನಿಗೆ ಬೇಡ. ಮೊದಲನೆಯ ತಿಮೊಥೆಯ ಪತ್ರಿಕೆಯ 5ನೆಯ ಅಧ್ಯಾಯವೂ ಭಕ್ತಿಯನ್ನು ಮೊದಲು ಸ್ವಂತ ಮನೆಯಲ್ಲಿ ತೋರಿಸಲು ಕಲಿಯಬೇಕೆನ್ನುತ್ತದೆ. ನೀವು ಅವರ ಮೈ ಒರೆಸಿ, ಮಗ್ಗುಲು ಬದಲಿಸಿ, ಹೊತ್ತಿಗೆ ಸರಿಯಾಗಿ ಔಷಧ ಕೊಡುವ ಗಂಟೆಗಳು ಸೇವೆಯಿಂದ ಕಳೆದುಹೋದ ಗಂಟೆಗಳಲ್ಲ. ಕರುಣೆ ತೋರಿಸುವವನು ಸಂತೋಷದಿಂದ ತೋರಿಸಲಿ ಎಂದು ರೋಮಾಪುರ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ ವರಗಳ ಪಟ್ಟಿಯನ್ನು ಮುಗಿಸುವಾಗ ಪೌಲನ ಮನಸ್ಸಿನಲ್ಲಿ ಇಂಥ ಕೆಲಸವೇ ಇದ್ದಿರಬೇಕು. ದಿನವೂ ಅದೇ ಕೆಲಸ ಮಾಡುವವರಿಗೆ ಸಂತೋಷ ಎಷ್ಟು ಬೇಗ ಬತ್ತುತ್ತದೆಂದು ತಿಳಿದೇ ಆ ಮಾತನ್ನು ಸೇರಿಸಿರಬೇಕು. 17ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿ ಸಹೋದರ ಲಾರೆನ್ಸ್ ಎಂಬವರು ಅಡುಗೆಮನೆಯ ಕೆಲಸಕ್ಕೆ ನೇಮಕವಾಗಿದ್ದರು. ಆ ಕೆಲಸ ಅವರಿಗೆ ಸ್ವಭಾವತಃ ಇಷ್ಟವಿರಲಿಲ್ಲ. ಆದರೂ ವರ್ಷಗಟ್ಟಲೆ ಅದನ್ನು ದೇವರ ಸನ್ನಿಧಿಯನ್ನು ನೆನೆಯುತ್ತ ಮಾಡಿದರು, ಮುಂದೆ ಚಪ್ಪಲಿ ಹೊಲಿಯುವ ಕೆಲಸವನ್ನೂ ಹಾಗೆಯೇ ಮಾಡಿದರು. ನಮಗೆ ಸಲೀಸಾಗಿ ಬರುವ ಕೆಲಸ ಮಾತ್ರ ವರ ಎಂದು ತಿಳಿಯುವವರು ಅವರನ್ನು ನೆನೆಯಬೇಕು.

ನಿಮ್ಮ ಶ್ರಮಕ್ಕೆ ಒಬ್ಬರು ಆಸರೆ ಬೇಕಿರುವುದೂ ನಿಜ. ವಾರದಲ್ಲಿ ಒಂದು ಸಂಜೆ ಅತ್ತೆಯವರ ಬಳಿ ಕುಳಿತುಕೊಳ್ಳಲು ಸಭೆಯಲ್ಲಿ ಯಾರಾದರೂ ಬರಬಲ್ಲರೇ ಎಂದು ಕೇಳಲು ಸಂಕೋಚಪಡಬೇಡಿ. ಹಾಗೆ ಬಂದವರಿಗೂ ಅದೇ ಅವರ ವರವನ್ನು ಬಳಸುವ ದಾರಿಯಾದೀತು. ಸಭಾಪಾಲಕರಿಗೂ ಇಲ್ಲಿ ಒಂದು ಮಾತು ಹೇಳಬೇಕಾಗಿದೆ: ಒಬ್ಬರಿಗೆ ಲೆಕ್ಕ ಬರುತ್ತದೆಂದು ಗೊತ್ತಾದ ಕೂಡಲೇ ಕಟ್ಟಡ ಸಮಿತಿ, ಮಹಿಳಾ ಸಂಘ, ಭಾನುವಾರದ ಶಾಲೆ, ಎಲ್ಲದರ ಪುಸ್ತಕಗಳನ್ನೂ ಅವರ ಮಡಿಲಿಗೆ ಹಾಕುವುದು ಅನ್ಯಾಯ. ಮೋಶೆಯು ಬೆಳಗಿನಿಂದ ಸಂಜೆಯ ತನಕ ಒಬ್ಬನೇ ನ್ಯಾಯ ತೀರಿಸುವುದನ್ನು ಕಂಡ ಅವನ ಮಾವ ಇತ್ರೋವನು, ನೀನೂ ನಿನ್ನ ಜನರೂ ಬಳಲಿಹೋಗುವಿರಿ ಎಂದು ಎಚ್ಚರಿಸಿ, ಹೊರೆಯನ್ನು ಹಂಚಲು ಹೇಳಿದ.

ಕಚೇರಿಯ ಕೆಲಸವನ್ನೂ ಮರೆಯಬೇಡಿ. ಏನು ಮಾಡಿದರೂ ಕರ್ತನಿಗೋಸ್ಕರವೆಂದು ಮನಃಪೂರ್ವಕವಾಗಿ ಮಾಡಿರಿ ಎಂಬ ಕೊಲೊಸ್ಸೆ ಪತ್ರಿಕೆಯ ಮಾತನ್ನು ಬರೆದದ್ದು ದಾಸರಿಗೆ, ಸಭೆಯ ಹೊರಗಿನ ದಿನಗೆಲಸದ ಬಗ್ಗೆ. ಅದನ್ನು ಹೆಚ್ಚು ದುಡಿಸಿಕೊಳ್ಳಲು ಉಲ್ಲೇಖಿಸುವ ಯಜಮಾನರು ಕೆಲವೇ ವಚನಗಳ ನಂತರ ತಮಗೇ ಬರೆದಿರುವ ಆಜ್ಞೆಯನ್ನು, ದಾಸರಿಗೆ ನ್ಯಾಯವಾದದ್ದನ್ನೂ ಸಮವಾದದ್ದನ್ನೂ ಕೊಡಿರಿ ಎಂಬುದನ್ನು, ಓದಬೇಕು. ಸುಳ್ಳು ಬಿಲ್ಲಿಗೆ ಒಲ್ಲೆ ಎಂದು ನೀವು ಮೃದುವಾಗಿ ಹೇಳಿದ ದಿನಗಳು ಈ 18 ವರ್ಷಗಳಲ್ಲಿ ಇದ್ದೇ ಇರುತ್ತವೆ. ಅವೂ ಕರ್ತನಿಗೆ ಸಲ್ಲಿಸಿದ ಸೇವೆಯೇ.

ನಿಮ್ಮ ವಿದ್ಯೆಗೆ ಸಭೆಯ ಪುಸ್ತಕಕ್ಕಿಂತ ಹೆಚ್ಚು ತುರ್ತಾದ ಸ್ಥಳ ಇನ್ನೊಂದಿರಬಹುದು. ಅಪೊಸ್ತಲರ ಕೃತ್ಯಗಳಲ್ಲಿ, ಯೊಪ್ಪ ಪಟ್ಟಣದ ಶಿಷ್ಯೆ ತಬಿಥಾ ಸತ್ತಾಗ ವಿಧವೆಯರು ಅಪೊಸ್ತಲ ಪೇತ್ರನ ಸುತ್ತ ನಿಂತು, ಆಕೆ ತಮ್ಮೊಂದಿಗಿದ್ದಾಗ ಮಾಡಿಕೊಟ್ಟ ಅಂಗಿಗಳನ್ನೂ ಮೇಲುಹೊದಿಕೆಗಳನ್ನೂ ತೋರಿಸಿ ಅತ್ತರು. ಇಂದು ಗಂಡನನ್ನು ಕಳೆದುಕೊಂಡ ಎಷ್ಟೋ ಹೆಂಗಸರ ಮುಂದೆ ಬಟ್ಟೆಯ ಕೊರತೆಗಿಂತ ಕಾಗದಗಳ ರಾಶಿಯೇ ದೊಡ್ಡದಾಗಿ ನಿಂತಿರುತ್ತದೆ: ಯಾವ ಬ್ಯಾಂಕಿನಲ್ಲಿ ಖಾತೆಯಿದೆ, ನಾಮಿನಿ ಯಾರು, ವಿಮೆಯ ಕಂತು ನಿಂತುಹೋಗಿದೆಯೇ, ಪಿಂಚಣಿಗೆ ಯಾವ ಅರ್ಜಿ, ಸಾಲಕ್ಕೆ ಜಾಮೀನು ಹಾಕಿದ್ದರೇ ಎಂಬುದೊಂದೂ ಅವರಿಗೆ ತಿಳಿದಿರುವುದಿಲ್ಲ. ಸಂತಾಪ ಹೇಳಲು ಬಂದವರು ಹೊರಟುಹೋದ ಮೇಲೆ, ಒಂದು ಮಧ್ಯಾಹ್ನ ಅವರ ಪಕ್ಕ ಕುಳಿತು ಆ ಕಾಗದಗಳನ್ನು ಒಂದೊಂದಾಗಿ ವಿಂಗಡಿಸಿ, ಇದು ಮೊದಲು, ಇದು ಮುಂದಿನ ತಿಂಗಳು ಎಂದು ಬರೆದುಕೊಡುವುದು ನಿಮಗೆ ಎರಡು ಗಂಟೆಯ ಕೆಲಸ. ಅಲ್ಲಿ ಜನರ ಮುಂದೆ ಪ್ರಾರ್ಥಿಸುವ ಅಗತ್ಯವಿಲ್ಲ. ಕಂಡದ್ದನ್ನು ಬೇರೆಲ್ಲೂ ಆಡದಿರುವ ನಿಷ್ಠೆ ಬೇಕು. ಲೆಕ್ಕ ನೋಡುವವರಿಗೆ ಅದು ಅಭ್ಯಾಸವಾಗಿರುತ್ತದೆ.

ಈಗ ಆ ಹಾಳೆ. ವರದ ಹೆಸರನ್ನು ಬರೆಯುವ ಯೋಚನೆಯನ್ನು ಬಿಟ್ಟುಬಿಡಿ. ನನಗೆ ಲೆಕ್ಕ ಬರೆಯಲು ಬರುತ್ತದೆ, ತಿಂಗಳಿಗೆ ಎರಡು ಸಂಜೆ ಕೊಡಬಲ್ಲೆ, ನನ್ನ ಜೊತೆ ಕುಳಿತು ಎಣಿಸಿ ಸಹಿ ಹಾಕಲು ಇನ್ನೊಬ್ಬರು ಬೇಕು, ಮೂರು ತಿಂಗಳು ಮಾಡಿ ನೋಡಿದ ಮೇಲೆ ಮುಂದುವರಿಸಬೇಕೇ ಎಂದು ನೀವೂ ನಾನೂ ಮತ್ತೆ ಮಾತನಾಡೋಣ ಎಂದು ಬರೆಯಿರಿ. ಅದರ ಕೆಳಗೆ, ಇತ್ತೀಚೆಗೆ ಗಂಡನನ್ನು ಕಳೆದುಕೊಂಡ ಯಾರಿಗಾದರೂ ಕಾಗದಪತ್ರಗಳಲ್ಲಿ ಸಹಾಯ ಬೇಕಿದ್ದರೆ ತಿಳಿಸಿರಿ ಎಂದೂ ಸೇರಿಸಿ. ಹಾಳೆಯನ್ನು ಪೆಟ್ಟಿಗೆಯಲ್ಲಿ ಹಾಕಿ ಬರಬೇಡಿ. ಆರಾಧನೆ ಮುಗಿದ ಮೇಲೆ ಸಭಾಪಾಲಕರ ಕೈಗೇ ಕೊಟ್ಟು, ಅವರು ಓದಿ ಮುಗಿಸುವವರೆಗೆ ಅಲ್ಲಿಯೇ ನಿಂತಿರಿ.